ಬೆಳಕಿನ ಬೆನ್ನು ಹತ್ತಿದ ಎಡ್ಮಂಡ್ ಬೆಕೆರೆಲ್

ಹೆಸರುವಾಸಿಯಾದ ಮನೆತನದಲ್ಲಿ ಹುಟ್ಟುವುದು ಭಾಗ್ಯವೇ ಸರಿ. ಆದರೆ ಅದರಲ್ಲೊಂದು ಕಷ್ಟವೂ ಇದೆ. ತಂದೆ ದೊಡ್ಡವನಾದರೆ ಜನರು ಮಗನನ್ನು ಇಂಥವರ ಮಗ ಎಂದು ಗುರುತಿಸುತ್ತಾರೆ. ಮಗ ದೊಡ್ಡವನಾದರೆ ತಂದೆಯನ್ನು ಇಂಥವರ ಅಪ್ಪ ಎಂದು ಗುರುತಿಸುತ್ತಾರೆ. ಈ ಎರಡು ಕೀರ್ತಿಗಳ ನಡುವೆ ಸಿಕ್ಕಿ, ತಾನೂ ದೊಡ್ಡವನಾಗಿದ್ದರೂ ಅರ್ಧ ಮರೆಯಾದ ಒಬ್ಬ ವಿಜ್ಞಾನಿಯ ಕಥೆಯನ್ನು ಈ ಸಲದ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ಹೇಳಬೇಕೆಂದು ನಮಗೆ ಅನ್ನಿಸಿತು. ಅವನೇ ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್.

ಇಂದು ಮನೆಯ ಮಾಡಿನ ಮೇಲೆ, ಬೀದಿದೀಪದ ಕಂಬದ ಮೇಲೆ ಸೌರಫಲಕಗಳನ್ನು ನಾವೆಲ್ಲ ಕಾಣುತ್ತೇವೆ. ಬಿಸಿಲು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ ಎಂಬ ಮಾತು ಈಗ ಚಿಕ್ಕ ಮಕ್ಕಳಿಗೂ ಹೊಸದಲ್ಲ. ಅದನ್ನು ಮೊತ್ತಮೊದಲು ಕಂಡವನು ಈ ಎಡ್ಮಂಡನು. ಅದೂ ಹತ್ತೊಂಬತ್ತನೆಯ ವಯಸ್ಸಿನಲ್ಲಿ!

ಎಡ್ಮಂಡನು ಪ್ಯಾರಿಸ್ ನಗರದಲ್ಲಿ 1820ರ ಮಾರ್ಚ್ 24ರಂದು ಹುಟ್ಟಿದನು. ಅವನ ತಂದೆ ಆಂತ್ವಾನ್ ಸೆಸಾರ್ ಬೆಕೆರೆಲ್ ಮೊದಲು ನೆಪೋಲಿಯನ್ನನ ಸೈನ್ಯದಲ್ಲಿ ಇಂಜಿನಿಯರ್ ಅಧಿಕಾರಿಯಾಗಿದ್ದವನು. ಸ್ಪೇನಿನ ಯುದ್ಧವನ್ನು ಕಂಡವನು. 1815ರಲ್ಲಿ ಸೈನ್ಯವನ್ನು ಬಿಟ್ಟು ವಿಜ್ಞಾನಕ್ಕೆ ತಿರುಗಿದನು. ವಿದ್ಯುತ್ತಿನಿಂದ ರಾಸಾಯನಿಕ ಕ್ರಿಯೆಗಳು ಹೇಗೆ ನಡೆಯುತ್ತವೆ ಎಂಬುದೇ ಅವನ ಮುಖ್ಯ ಅಭ್ಯಾಸ. ಇಂಗ್ಲೆಂಡಿನ ರಾಯಲ್ ಸೊಸೈಟಿಯು 1837ರಲ್ಲಿ ಅವನಿಗೆ ಕೋಪ್ಲೆ ಪದಕವನ್ನಿತ್ತು ಗೌರವಿಸಿತು. ಮರುವರ್ಷ ಪ್ಯಾರಿಸಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದಲ್ಲಿ ಭೌತವಿಜ್ಞಾನದ ಪೀಠವೊಂದು ಹೊಸದಾಗಿ ಸ್ಥಾಪನೆಯಾದಾಗ ಅದರ ಮೊದಲ ಪ್ರಾಧ್ಯಾಪಕನಾದವನೂ ಅವನೇ. ಸಂಗ್ರಹಾಲಯವೆಂದರೆ ಬರಿಯ ನೋಟದ ಸ್ಥಳವಲ್ಲ. ಪ್ರಯೋಗಶಾಲೆಗಳೂ ಉಪನ್ಯಾಸಗಳೂ ಇರುವ ವಿದ್ಯಾಕೇಂದ್ರ.

ಅದೇ 1838ರಲ್ಲಿ ಎಡ್ಮಂಡನ ಮುಂದೆ ಒಂದು ಕವಲುದಾರಿ ಬಂದಿತು. ಫ್ರಾನ್ಸಿನಲ್ಲಿ ಅತ್ಯುನ್ನತವೆಂದು ಹೆಸರಾಗಿದ್ದ ಎರಡು ವಿದ್ಯಾಲಯಗಳು ಎಕೋಲ್ ನಾರ್ಮಾಲ್ ಮತ್ತು ಎಕೋಲ್ ಪಾಲಿಟೆಕ್ನಿಕ್. ಅವುಗಳಲ್ಲಿ ಒಂದಕ್ಕೆ ಪ್ರವೇಶ ಸಿಕ್ಕಿದರೆ ಸಾಕು, ಮನೆಯವರು ಹಬ್ಬ ಮಾಡುತ್ತಿದ್ದ ಕಾಲ. ಹದಿನೆಂಟು ವರ್ಷದ ಎಡ್ಮಂಡನಿಗೆ ಎರಡರಲ್ಲಿಯೂ ಪ್ರವೇಶ ಸಿಕ್ಕಿತ್ತು. ಅವನು ಎರಡನ್ನೂ ಬಿಟ್ಟನು! ತಂದೆಯ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ಸೇರಿಕೊಂಡನು. ದೊಡ್ಡ ವಿದ್ಯಾಲಯದ ಮುದ್ರೆಗಿಂತ ಕೈಯಾರೆ ಮಾಡಿ ಕಲಿಯುವ ಕೆಲಸ ಅವನಿಗೆ ಹಿರಿದಾಗಿ ಕಂಡಿತೆಂದು ತೋರುತ್ತದೆ. ತಂದೆಯ ನೆರಳಿನಲ್ಲಿ ನಿಲ್ಲುವುದೆಂದರೆ ತನ್ನ ಹೆಸರು ಮರೆಯಾದೀತೆಂಬ ಯೋಚನೆ ಆ ವಯಸ್ಸಿಗೆ ಬಂದಿರಲಿಕ್ಕಿಲ್ಲ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯೋಣ. ಇಟಲಿಯ ವೋಲ್ಟಾ ತನ್ನ ವಿದ್ಯುತ್‌ಕೋಶವನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬವರು ನೀರಿಗೆ ವಿದ್ಯುತ್ತನ್ನು ಹಾಯಿಸಿ, ನೀರು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುವುದನ್ನು ಕಂಡರು. ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ ಈಗ ಹತ್ತನೆಯ ತರಗತಿಯ ಮಕ್ಕಳು ಮಾಡಿನೋಡುವ ಪ್ರಯೋಗವೇ ಅದು. ಹೀಗೆ ವಿದ್ಯುತ್ತು ನೀರಿನಲ್ಲಿ ಮಾರ್ಪಾಡು ಮಾಡಬಲ್ಲದೆಂದು ತಿಳಿದಿತ್ತು. ಬೆಳಕು ಕೆಲವು ಬೆಳ್ಳಿಯ ಲವಣಗಳನ್ನು ಕಪ್ಪಾಗಿಸುತ್ತದೆಂದೂ ತಿಳಿದಿತ್ತು. ಹಾಗಾದರೆ ಬೆಳಕಿನಿಂದ ನಡೆಯುವ ಆ ಮಾರ್ಪಾಡು ವಿದ್ಯುತ್ತನ್ನೂ ಹುಟ್ಟಿಸೀತೇ? ಎಡ್ಮಂಡನ ಪ್ರಯೋಗಗಳು ಕೇಳಿದ ಪ್ರಶ್ನೆ ಇದು.

ಅವನು ಕಪ್ಪು ಬಳಿದ ಒಂದು ಪೆಟ್ಟಿಗೆಯನ್ನು ತೆಗೆದುಕೊಂಡು, ತೆಳುವಾದ ಪೊರೆಯಿಂದ ಅದನ್ನು ಎರಡು ಅಂಕಣಗಳಾಗಿ ಮಾಡಿದನು. ಒಳಗೆ ಆಮ್ಲ ಬೆರೆಸಿದ ನೀರು. ಒಂದೊಂದು ಅಂಕಣದಲ್ಲಿ ಒಂದೊಂದು ಪ್ಲಾಟಿನಂ ತಗಡು. ತಗಡಿಗೆ ಸಿಲ್ವರ್ ಕ್ಲೋರೈಡಿನ ಲೇಪ. ಎರಡನ್ನೂ ತಂತಿಯಿಂದ ಗ್ಯಾಲ್ವನೋಮೀಟರಿಗೆ ಜೋಡಿಸಿ, ಒಂದು ತಗಡಿಗೆ ಮಾತ್ರ ಬಿಸಿಲು ಬೀಳುವಂತೆ ಮಾಡಿದನು. ಮುಳ್ಳು ಸರಿಯಿತು! ಬೆಳಕನ್ನು ಮರೆಮಾಡಿದರೆ ಅದು ಹಿಂದಿರುಗಿತು. ಬಣ್ಣದ ಗಾಜುಗಳನ್ನು ಅಡ್ಡಹಿಡಿದು ನೋಡಿದಾಗ ಕೆಂಪು ಬೆಳಕಿಗಿಂತ ನೀಲಿ, ನೇರಿಳೆ ಬೆಳಕಿಗೆ ಪರಿಣಾಮ ಹೆಚ್ಚೆಂದು ಕಂಡಿತು. ಆದ್ದರಿಂದ ಇದು ಬಿಸಿಲಿನ ಶಾಖದ ಕೆಲಸವಲ್ಲ, ಬೆಳಕಿನದೇ ಕೆಲಸ ಎಂದಾಯಿತು. 1839ರಲ್ಲಿ ಈ ಸಂಗತಿಯು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದಿತು.

ಇಷ್ಟು ದೊಡ್ಡ ಸಂಗತಿಯಾದ ಮೇಲೆ ಲೋಕವೇ ಎದ್ದು ನಿಂತಿರಬೇಕೆಂದು ನಾವು ಎಣಿಸಬಹುದು. ಹಾಗೇನೂ ಆಗಲಿಲ್ಲ. ಹುಟ್ಟಿದ ವಿದ್ಯುತ್ತು ತೀರ ಅಲ್ಪ. ಅದರಿಂದ ಎಡ್ಮಂಡನು ಮಾಡಿಕೊಂಡ ಉಪಯೋಗ ಒಂದೇ: ಬೆಳಕಿನ ಬಲವನ್ನು ಅಳೆಯುವ ಉಪಕರಣ. ವಿಜ್ಞಾನದ ಪದವಿಯನ್ನು 1840ರಲ್ಲಿ ಪಡೆದು, ವರ್ಸೇಲ್ಸಿನ ಕೃಷಿ ಸಂಸ್ಥೆಯಲ್ಲಿ ಕೆಲಕಾಲ ಕಲಿಸಿ, ಆಮೇಲೆ ಪ್ಯಾರಿಸಿನ ಕಲೆ ಮತ್ತು ಕೈಗಾರಿಕೆಗಳ ವಿದ್ಯಾಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದನು. 1863ರಲ್ಲಿ ಅಕಾಡೆಮಿಯ ಸದಸ್ಯನಾದನು. ಆದರೆ ಪದವಿ ಯಾವುದಿದ್ದರೂ ಅವನ ಮನಸ್ಸು ಬೆಳಕನ್ನು ಬಿಡಲಿಲ್ಲ. ಬೆಳಕು ವಸ್ತುವಿನ ಮೇಲೆ ಬಿದ್ದ ಮೇಲೆ ಏನಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಅವನು ಐವತ್ತು ವರ್ಷ ಹಿಡಿದು ಕುಳಿತನು.

ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಿಡಿಸಿದರೆ ಕಾಣುವ ಏಳು ಬಣ್ಣಗಳ ಪಟ್ಟಿಯನ್ನು ಅವನು 1842ರಲ್ಲಿ ಛಾಯಾಚಿತ್ರವಾಗಿ ತೆಗೆದನು. 1848ರಲ್ಲಿ ಇನ್ನೂ ಮುಂದೆ ಹೋಗಿ, ಬೆಳ್ಳಿಯ ತಗಡಿನ ಮೇಲೆ ಆ ಪಟ್ಟಿಯನ್ನು ಅದರ ಬಣ್ಣಗಳಲ್ಲಿಯೇ ಮೂಡಿಸಿದನು. ಕೆಂಪು ಬಿದ್ದಲ್ಲಿ ಕೆಂಪು, ನೀಲಿ ಬಿದ್ದಲ್ಲಿ ನೀಲಿ! ಆದರೆ ಆ ಚಿತ್ರವನ್ನು ಸ್ಥಿರಗೊಳಿಸುವ ಉಪಾಯ ಮಾತ್ರ ಅವನಿಗೆ ಎಷ್ಟು ಪ್ರಯತ್ನಪಟ್ಟರೂ ದೊರೆಯಲಿಲ್ಲ. ಬೆಳಕಿಗೆ ಇಟ್ಟರೆ ಚಿತ್ರ ಮಾಸುತ್ತಿತ್ತು. ಬೆಳಕಿನಿಂದ ಹುಟ್ಟಿದ್ದನ್ನು ಬೆಳಕಿನಿಂದಲೇ ಬಚ್ಚಿಡಬೇಕಾಯಿತು. ಕತ್ತಲಲ್ಲಿ ಕಾಪಾಡಿದ ಅಂತಹ ಕೆಲವು ತಗಡುಗಳು ಫ್ರಾನ್ಸಿನಲ್ಲಿ ಇಂದಿಗೂ ಉಳಿದಿವೆ. ಆ ಬಣ್ಣಗಳು ಮೂಡಿದ ಬಗೆಯನ್ನು ಪ್ಯಾರಿಸಿನ ಸಂಶೋಧಕರು ವಿವರಿಸಿದ್ದು 2020ರಲ್ಲಿ. ಅಂದರೆ 172 ವರ್ಷಗಳ ಮೇಲೆ. ತಗಡಿನೊಳಗಿನ ಬೆಳ್ಳಿಯ ಅತಿಸೂಕ್ಷ್ಮ ಕಣಗಳೇ ಅದಕ್ಕೆ ಕಾರಣವೆಂದು ತಿಳಿದುಬಂದಿದೆ.

ಅವನ ಇನ್ನೊಂದು ದೊಡ್ಡ ಕೆಲಸ ಸ್ಫುರದೀಪ್ತಿಯನ್ನು ಕುರಿತದ್ದು. ಕೆಲವು ವಸ್ತುಗಳನ್ನು ಬಿಸಿಲಿಗೆ ಹಿಡಿದು ಕತ್ತಲ ಕೋಣೆಗೆ ತಂದರೆ ಸ್ವಲ್ಪ ಹೊತ್ತು ತಾವೇ ಬೆಳಗುತ್ತವೆ. ಕೋಣೆಯ ಗೋಡೆಗೆ ಮಕ್ಕಳು ಅಂಟಿಸುವ ಹೊಳೆಯುವ ನಕ್ಷತ್ರಗಳನ್ನು ನೋಡಿದವರಿಗೆ ಇದು ಗೊತ್ತು. ಕೆಲವು ವಸ್ತುಗಳು ಗಂಟೆಗಟ್ಟಲೆ ಬೆಳಗುತ್ತವೆ. ಕೆಲವು ಕಣ್ಣು ಮಿಟುಕಿಸುವುದರೊಳಗೆ ಆರಿಹೋಗುತ್ತವೆ. ಕಣ್ಣಿಗೆ ನಿಲುಕದ ಈ ಅಲ್ಪಕಾಲವನ್ನು ಅಳೆಯುವುದು ಹೇಗೆ? 1850ರ ದಶಕದ ಕೊನೆಗೆ ಎಡ್ಮಂಡನು ಅದಕ್ಕೆಂದು ಒಂದು ಯಂತ್ರವನ್ನು ಕಟ್ಟಿದನು. ಒಂದೇ ಅಚ್ಚಿನ ಮೇಲೆ ಎರಡು ಚಕ್ರಗಳು, ಎರಡರಲ್ಲಿಯೂ ಕಿಂಡಿಗಳು, ನಡುವೆ ಪರೀಕ್ಷಿಸುವ ವಸ್ತು. ಎರಡು ಚಕ್ರಗಳ ಕಿಂಡಿಗಳು ಒಂದಕ್ಕೊಂದು ಎದುರಾಗದಂತೆ ಇರುತ್ತವೆ. ಹಿಡಿಯನ್ನು ತಿರುಗಿಸಿದಾಗ ಒಂದು ಕಡೆಯ ಕಿಂಡಿಯಿಂದ ವಸ್ತುವಿಗೆ ಬೆಳಕು ತಾಗುತ್ತದೆ. ಅದು ಮುಚ್ಚಿದ ಮೇಲೆಯೇ ನೋಡುವವನ ಕಡೆಯ ಕಿಂಡಿ ತೆರೆಯುತ್ತದೆ. ವೇಗವಾಗಿ ತಿರುಗಿಸಿದಷ್ಟೂ ನಡುವಿನ ಕಾಲ ಕಡಿಮೆ. ಹೀಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕ ಕಾಲವನ್ನು ಅವನು ಕೈಗೆ ತಂದುಕೊಂಡನು. ಕತ್ತಲಲ್ಲಿ ಹೊಳೆಯುವುದಿಲ್ಲವೆಂದು ತಿಳಿದಿದ್ದ ಎಷ್ಟೋ ವಸ್ತುಗಳು ಆ ಯಂತ್ರದಲ್ಲಿ ಹೊಳೆದವು. ಕಾಯಿಸಿದರೆ ಹೊಳಪು ಬೇಗನೆ ಹೊರಬಿದ್ದು ಮುಗಿಯುವುದನ್ನೂ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಹೊಳಪನ್ನು ನಂದಿಸುವುದನ್ನೂ ಅವನು ಪರೀಕ್ಷಿಸಿದನು. ಈ ಎಲ್ಲವನ್ನೂ ಬೆಳಕನ್ನು ಕುರಿತ ಎರಡು ಸಂಪುಟಗಳ ಗ್ರಂಥದಲ್ಲಿ 1867 ಮತ್ತು 1868ರಲ್ಲಿ ಪ್ರಕಟಿಸಿದನು.

ವಿದ್ಯುತ್ತು ಹುಟ್ಟಿಸುವ ತಗಡು, ಬಣ್ಣದ ಛಾಯಾಚಿತ್ರ, ಕತ್ತಲಲ್ಲಿ ಹೊಳೆಯುವ ಪುಡಿ. ಮೂರೂ ಬೇರೆಬೇರೆ ಎಂದು ತೋರುತ್ತದಲ್ಲವೇ? ಆದರೆ ಮೂರರ ಒಳಗಿನ ಸಂಗತಿ ಒಂದೇ. ಅದನ್ನು ತಿಳಿಯುವ ಭಾಗ್ಯ ಮಾತ್ರ ಎಡ್ಮಂಡನಿಗಿರಲಿಲ್ಲ. ಇಲೆಕ್ಟ್ರಾನು ಎಂಬ ಕಣವನ್ನು ಜೆ. ಜೆ. ಥಾಮ್ಸನ್ ಕಂಡದ್ದು 1897ರಲ್ಲಿ. ಅಷ್ಟರಲ್ಲಿ ಎಡ್ಮಂಡನು ತೀರಿಕೊಂಡು ಆರು ವರ್ಷಗಳಾಗಿದ್ದವು.

ಆ ಸಂಗತಿ ಏನೆಂದು ನಮಗೆ ತಿಳಿದಷ್ಟನ್ನು ಸರಳವಾಗಿ ಹೇಳುತ್ತೇವೆ. ಅರೆವಾಹಕವೆಂಬ ಜಾತಿಯ ವಸ್ತುವಿನ ಮೇಲೆ ತಕ್ಕ ಬೆಳಕು ಬಿದ್ದಾಗ ಒಂದು ಇಲೆಕ್ಟ್ರಾನು ತನ್ನ ಸ್ಥಾನದಿಂದ ಮೇಲೆದ್ದು ಓಡಾಡಲು ಸ್ವತಂತ್ರವಾಗುತ್ತದೆ. ಅದು ಬಿಟ್ಟುಹೋದ ಖಾಲಿ ಸ್ಥಾನಕ್ಕೆ ರಂಧ್ರವೆಂದು ಹೆಸರು. ಪಕ್ಕದ ಇಲೆಕ್ಟ್ರಾನು ಬಂದು ಅದನ್ನು ತುಂಬಿದರೆ ಖಾಲಿ ಸ್ಥಾನ ಪಕ್ಕಕ್ಕೆ ಸರಿಯುತ್ತದೆ. ಹೀಗೆ ರಂಧ್ರವೂ ನಡೆದಾಡುತ್ತದೆ. ಇವೆರಡೂ ವಿದ್ಯುತ್ತಿನ ವಾಹಕಗಳು. ಎರಡೂ ಬೇರೆಬೇರೆ ದಾರಿ ಹಿಡಿದು ಹೊರಬಂದರೆ ಕೆಲಸಕ್ಕೆ ಒದಗುತ್ತವೆ. ನೀರಿನೊಳಗಾದರೆ ರಂಧ್ರಗಳು ನೀರಿನಿಂದ ಆಮ್ಲಜನಕವನ್ನು ಬಿಡಿಸುತ್ತವೆ. ಇಲೆಕ್ಟ್ರಾನುಗಳು ತಂತಿಯಲ್ಲಿ ಹೋಗಿ ಇನ್ನೊಂದು ತಗಡಿನಲ್ಲಿ ಜಲಜನಕವನ್ನು ಬಿಡಿಸುತ್ತವೆ. ಜಲಜನಕ ಉರಿದರೆ ಹೊಗೆಯಿಲ್ಲ. ಉಳಿಯುವುದು ಮತ್ತೆ ನೀರೇ. ಬಿಸಿಲೂ ನೀರೂ ಇದ್ದರೆ ಇಂಧನವಾಯಿತು!

ಹೇಳುವುದು ಸುಲಭ. ನಮ್ಮ ಕಡೆಯ ಕೃಷಿಕರಿಗೆ ತಿಳಿದ ಒಂದು ಮಾತಿನಿಂದ ತೊಂದರೆಯನ್ನು ವಿವರಿಸುತ್ತೇವೆ. ಕಷ್ಟಪಟ್ಟು ನೀರನ್ನು ಮೇಲಕ್ಕೆತ್ತಿ ಗದ್ದೆಗೆ ಬಿಟ್ಟಿರುತ್ತೇವೆ. ಹುಣಿಯಲ್ಲಿ ಏಡಿ ಕೊರೆದ ಮಾಟೆಗಳಿದ್ದರೆ ಏನಾಗುತ್ತದೆ? ಎತ್ತಿದ ನೀರು ಪೈರಿಗೆ ಸಿಕ್ಕುವ ಮೊದಲೇ ಸೋರಿಹೋಗುತ್ತದೆ. ಹರಳಿನೊಳಗೂ ಅಂತಹ ಮಾಟೆಗಳಿವೆ. ಎಲ್ಲೋ ಒಂದು ಪರಮಾಣು ತಪ್ಪಿಹೋಗಿರುತ್ತದೆ, ಎಲ್ಲೋ ಬೇರೆ ಧಾತುವಿನ ಪರಮಾಣು ಸೇರಿರುತ್ತದೆ, ಮೇಲ್ಮೈಯಲ್ಲಂತೂ ಸಾಲುಗಳೇ ತುಂಡಾಗಿರುತ್ತವೆ. ಓಡುತ್ತಿದ್ದ ವಾಹಕ ಅಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಇಲೆಕ್ಟ್ರಾನಿನ ಬಳಿಗೆ ಒಂದು ರಂಧ್ರ ಬಂದರೆ ಎರಡೂ ಕೂಡಿ ಇಲ್ಲವಾಗುತ್ತವೆ. ಬೆಳಕಿನಿಂದ ಪಡೆದದ್ದು ಬರಿಯ ಶಾಖವಾಗಿ ಕಳೆದುಹೋಗುತ್ತದೆ.

ಬೆಳಕಿನಿಂದ ನೀರನ್ನು ಒಡೆಯುವ ದಾರಿಯನ್ನು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಲೋಕದ ಗಮನಕ್ಕೆ ತಂದರು. ಅವರು ಬಳಸಿದ್ದು ಬಿಳಿಯ ಬಣ್ಣಗಳಿಗೆ ಬೆರೆಸುವ ಟೈಟೇನಿಯಂ ಡಯಾಕ್ಸೈಡಿನ ಹರಳು. ಆದರೆ ಅದು ಹೀರುವುದು ಹೆಚ್ಚಾಗಿ ಅತಿನೇರಿಳೆ ಕಿರಣಗಳನ್ನು. ಬಿಸಿಲಿನಲ್ಲಿ ಅವುಗಳ ಪಾಲು ನೂರಕ್ಕೆ ಐದರಷ್ಟು ಮಾತ್ರ. ಆದ್ದರಿಂದ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವ ಅಗ್ಗದ ವಸ್ತುವನ್ನು ಹುಡುಕುತ್ತ ವಿಜ್ಞಾನಿಗಳು ಹೆಮಟೈಟಿಗೆ ಬಂದರು. ಹೆಮಟೈಟ್ ಎಂದರೆ ಒಂದು ಬಗೆಯ ಕಬ್ಬಿಣದ ಆಕ್ಸೈಡು. ಕಾಸರಗೋಡಿನ ನಮ್ಮ ಮುರಕಲ್ಲಿಗೆ ಆ ಕೆಂಪು ಬಂದದ್ದೂ ಇಂತಹ ಕಬ್ಬಿಣದ ಆಕ್ಸೈಡುಗಳಿಂದಲೇ. ಅಗ್ಗವೂ ಹೌದು, ನೀರಿನಲ್ಲಿ ಬಾಳಿಕೆಯೂ ಹೌದು. ಆದರೆ ಅದರಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಇಲೆಕ್ಟ್ರಾನಿಗೆ ದೋಷದ ಮಾಟೆ ಬೇಕೆಂದೇ ಇಲ್ಲ. ಅದು ಒಂದು ಕಬ್ಬಿಣದ ಪರಮಾಣುವಿನ ಮೇಲೆ ನಿಂತರೆ ಸುತ್ತಲಿನ ಪರಮಾಣುಗಳು ಸ್ವಲ್ಪ ಸರಿದು, ಮೆತ್ತನೆಯ ಹಾಸಿಗೆಯಲ್ಲಿ ಮಲಗಿದವನಿಗೆ ಆಗುವಂತೆ, ಅದು ತಾನೇ ಮಾಡಿದ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಂಧ್ರವಾದರೂ ಕೆಲವೇ ನ್ಯಾನೋಮೀಟರು ನಡೆದು ಕೊನೆಗಾಣುತ್ತದೆ. ನ್ಯಾನೋಮೀಟರು ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಅತ್ತ ಒಂದು ಆಮ್ಲಜನಕದ ಅಣು ಹುಟ್ಟಲು ನಾಲ್ಕು ರಂಧ್ರಗಳು ಮೇಲ್ಮೈಯಲ್ಲಿ ಒದಗಬೇಕು. ಅಷ್ಟು ಹೊತ್ತು ಕಾಯುವುದರೊಳಗೆ ಬಹುಪಾಲು ನಷ್ಟವಾಗಿರುತ್ತದೆ. ಹೆಮಟೈಟನ್ನು ಅತಿ ತೆಳುವಾಗಿ ಹಾಸುವುದು, ತವರ ಅಥವಾ ಟೈಟೇನಿಯಂ ಬೆರೆಸುವುದು, ಮೇಲ್ಮೈಗೆ ಬೇರೆ ಲೇಪ ಕೊಡುವುದು ಮುಂತಾದ ಉಪಾಯಗಳೆಲ್ಲ ಈ ನಷ್ಟವನ್ನು ತಗ್ಗಿಸಲಿಕ್ಕಾಗಿ.

ಆದರೆ ಮಾಟೆಗಳೆಲ್ಲ ಕೆಟ್ಟವೆಂದು ತಿಳಿಯಬಾರದು. ಎಡ್ಮಂಡನ ಹೊಳೆಯುವ ಪುಡಿಗಳಲ್ಲಿ ಬೆಳಕನ್ನು ಕೂಡಿಟ್ಟದ್ದು ಅವೇ. ಸಿಕ್ಕಿಬಿದ್ದ ಇಲೆಕ್ಟ್ರಾನುಗಳು ಒಂದೊಂದಾಗಿ ಮೆಲ್ಲನೆ ಹೊರಬಂದುದರಿಂದ ಪುಡಿ ಕತ್ತಲಲ್ಲಿ ಬೆಳಗಿತು. ಕಾಯಿಸಿದಾಗ ಅವು ಬೇಗನೆ ಹೊರಬಿದ್ದವು. ಛಾಯಾಚಿತ್ರದ ತಗಡಿನಲ್ಲಿಯೂ ಹಾಗೆಯೇ. ಸಿಕ್ಕಿಬಿದ್ದ ಇಲೆಕ್ಟ್ರಾನುಗಳ ಬಳಿ ಬೆಳ್ಳಿಯ ಕಣಗಳು ಕೂಡಿ ಚಿತ್ರ ಮೂಡುತ್ತದೆಂದು ಗರ್ನಿ ಮತ್ತು ಮಾಟ್ ಎಂಬ ವಿಜ್ಞಾನಿಗಳು 1938ರಲ್ಲಿ ವಿವರಿಸಿದರು. ಒಂದು ಕಡೆ ಕಳ್ಳನಾದದ್ದು ಇನ್ನೊಂದು ಕಡೆ ಕಣಜ. ಅಷ್ಟೇ ಅಲ್ಲ, ವಾಹಕಗಳು ಯಾವಾಗ ಸಿಕ್ಕಿಬೀಳುತ್ತವೆಂದು ತಿಳಿಯಲು ಇಂದಿನ ವಿಜ್ಞಾನಿಗಳು ಮೊದಲು ಲೇಸರಿನ ಒಂದು ಮಿಂಚನ್ನು ಬೀಳಿಸಿ, ಗೊತ್ತಾದ ಅಲ್ಪಕಾಲ ಕಾದು, ಆಮೇಲೆ ನೋಡುತ್ತಾರೆ. ಬೆಳಕು ಬೀಳಲಿ, ಕಾಯೋಣ, ಆಮೇಲೆ ನೋಡೋಣ ಎಂಬ ಈ ಕ್ರಮ ಕೈಯಿಂದ ತಿರುಗಿಸುವ ಎಡ್ಮಂಡನ ಚಕ್ರಗಳ ಕ್ರಮವೇ ಅಲ್ಲವೇ?

1878ರಲ್ಲಿ ತಂದೆ ತೀರಿಕೊಂಡಾಗ ಸಂಗ್ರಹಾಲಯದ ಪೀಠ ಎಡ್ಮಂಡನಿಗೆ ಬಂದಿತು. ಆಗ ಅವನಿಗೆ ಸುಮಾರು ಐವತ್ತೆಂಟು ವರ್ಷ. 1891ರ ಮೇ 11ರಂದು ಅವನು ಪ್ಯಾರಿಸಿನಲ್ಲಿ ಕಾಲವಾದನು. ಯುರೇನಿಯಂ ಲವಣಗಳ ಹೊಳಪನ್ನು ಅವನು ಬಹಳ ಅಭ್ಯಸಿಸಿದ್ದನು. ಮನೆಯಲ್ಲಿ ಬೆಳೆದುಬಂದ ಆ ಅಭ್ಯಾಸವನ್ನೇ ಮುಂದುವರಿಸಿದ ಮಗ ಹೆನ್ರಿ ಬೆಕೆರೆಲ್ 1896ರಲ್ಲಿ ಯುರೇನಿಯಂ ಲವಣದಿಂದಲೇ ವಿಕಿರಣಶೀಲತೆಯನ್ನು ಕಂಡುಹಿಡಿದು, 1903ರಲ್ಲಿ ಕ್ಯೂರಿ ದಂಪತಿಗಳೊಡನೆ ನೊಬೆಲ್ ಪಾರಿತೋಷಕವನ್ನು ಪಡೆದನು. ಇಂದು ಐಫೆಲ್ ಗೋಪುರದ ಮೇಲೆ ಕೊರೆದ 72 ಹೆಸರುಗಳಲ್ಲಿ ಬೆಕೆರೆಲ್ ಎಂದಿರುವುದು ತಂದೆಯ ಹೆಸರು. ವಿಕಿರಣಶೀಲತೆಯ ಮಾನಕ್ಕೆ ಬೆಕೆರೆಲ್ ಎಂದಿರುವುದು ಮಗನ ಹೆಸರು. ನಡುವಿನವನಿಗೆ? ಯುರೋಪಿನಲ್ಲಿ ಸೌರವಿದ್ಯುತ್ತಿನ ಸಾಧಕರಿಗೆ ಅವನ ಹೆಸರಿನಲ್ಲಿ ಒಂದು ಬಹುಮಾನ 1989ರಲ್ಲಿ ಆರಂಭವಾಯಿತು. ಅವನ ಪ್ರಯೋಗ ನಡೆದು ಆಗ ನೂರೈವತ್ತು ವರ್ಷ.

ಅಮೆರಿಕದಲ್ಲಿ ಸಿಲಿಕಾನಿನ ಸೌರಕೋಶ ಹೊರಬಂದದ್ದು 1954ರಲ್ಲಿ. ಎಡ್ಮಂಡನ ಮುಳ್ಳು ಸರಿದ 115 ವರ್ಷಗಳ ಮೇಲೆ. ತನ್ನ ಕೆಲಸದಿಂದ ಒಂದು ದೀಪವಾದರೂ ಬೆಳಗಿದ್ದನ್ನು ಅವನು ನೋಡಲಿಲ್ಲ. ಬೆಳಕಿನಿಂದ ನೀರನ್ನು ಒಡೆಯುವ ಕೆಲಸವಂತೂ ಇಂದಿಗೂ ಪ್ರಯೋಗಶಾಲೆಗಳಲ್ಲಿಯೇ ಹೆಚ್ಚಾಗಿ ಇದೆ.

ಇದನ್ನು ಕಲಿತರೆ ಏನು ಪ್ರಯೋಜನ ಎಂದು ಮಕ್ಕಳು ನಮ್ಮನ್ನು ಕೇಳುವುದುಂಟು. ಹೆತ್ತವರೂ ಕೇಳುವುದುಂಟು. ಕೇಳುವುದು ತಪ್ಪಲ್ಲ, ಮನೆಯ ಕಷ್ಟ ಮನೆಯವರಿಗೇ ಗೊತ್ತು. ಆದರೆ ಕಲಿತದ್ದೆಲ್ಲ ಕೂಡಲೇ ಕೈಗೆ ಬರುವುದಿಲ್ಲ. ಕೆಲವು ವಿದ್ಯೆ ಎಡ್ಮಂಡನ ಪುಡಿಗಳ ಹಾಗೆ. ಬೆಳಕು ಬಿದ್ದಾಗ ಸುಮ್ಮನೆ ಹೀರಿಕೊಂಡು ಒಳಗೆಲ್ಲೋ ಇಟ್ಟುಕೊಳ್ಳುತ್ತದೆ, ಕತ್ತಲಾದಾಗ ಬೆಳಗುತ್ತದೆ. ಇನ್ನು ಕೆಲವು ಏಡಿಯ ಮಾಟೆಯಲ್ಲಿ ಸೋರಿಹೋಗುವುದೂ ನಿಜ. ಮಾಟೆ ಎಲ್ಲಿದೆಯೆಂದು ಹುಡುಕಿ ಮಣ್ಣು ಮೆತ್ತುವುದು ಅಧ್ಯಾಪಕರಾದ ನಮ್ಮ ಕೆಲಸ, ಹೆತ್ತವರಾದ ನಿಮ್ಮ ಕೆಲಸ. ನೀರೆತ್ತುವ ಕೆಲಸ ಮಾತ್ರ ವಿದ್ಯಾರ್ಥಿಗಳದೇ. ಮುಂದಿನ ಸಲ ಪ್ರಯೋಗಶಾಲೆಯಲ್ಲಿ ನೀರಿನಿಂದ ಗುಳ್ಳೆಗಳು ಏಳುವುದನ್ನು ನೋಡುವಾಗ, ಹತ್ತೊಂಬತ್ತು ವರ್ಷದ ಆ ಹುಡುಗನನ್ನು ಅವರು ಒಮ್ಮೆ ನೆನೆದರೆ ನಮಗೆ ಸಂತೋಷ.